ದೊಡ್ಡವರ ಹೆಸರಲ್ಲಿ ಓಡಾಡುವ ಸಾಲುಗಳು: ನಿಜವಾಗ್ಲೂ ಅವರೇ ಬರೆದದ್ದಾ?

ಪ್ರಶ್ನೆ: ಬಹಳ ಕಾಲ ಜೊತೆಗೆ ಕೆಲಸ ಮಾಡಿದ ಗೆಳೆಯರೊಬ್ಬರ ಬೀಳ್ಕೊಡುಗೆಯಲ್ಲಿ ನಾನು ಮಾತಾಡಬೇಕು. ಕೊನೆ, ಸಹನೆ, ಗೆಳೆತನದ ಬಗ್ಗೆ ಶೇಕ್ಸ್‌ಪಿಯರ್, ಕಮೂ, ಬೆಕೆಟ್‌ರಂಥ ಲೇಖಕರ ಹೆಸರಲ್ಲಿ ಎಷ್ಟೋ ಸಾಲುಗಳು ಮೊಬೈಲ್‌ಗೆ ಬರುತ್ತಿರುತ್ತವೆ. ಅವನ್ನು ನಂಬಿ ಹೇಳಬಹುದಾ?

ಉತ್ತರ: ಕೆಲವನ್ನು ಧೈರ್ಯವಾಗಿ ಹೇಳಬಹುದು. ಕೆಲವನ್ನು ಹೆಸರು ಬಿಟ್ಟು ಹೇಳಬೇಕು. ಇನ್ನು ಕೆಲವು ಅವರದ್ದೇ, ಅನುಮಾನವಿಲ್ಲ. ಆದರೆ ಅದರ ಮುಂದಿನ ಸಾಲು ಓದಿದ ಮೇಲೆ ಬೀಳ್ಕೊಡುಗೆಯಲ್ಲಿ ಹೇಳೋಕೆ ಬಾಯಿ ಬರಲ್ಲ.

ಮೊದಲು ಹೆಸರು ತಪ್ಪಾಗಿರುವವು. ‘ಕೊನೆಗೆ ಎಲ್ಲ ಸರಿಹೋಗುತ್ತದೆ, ಸರಿಹೋಗಿಲ್ಲ ಅಂದ್ರೆ ಅದಿನ್ನೂ ಕೊನೆಯಲ್ಲ’ ಅನ್ನುವುದನ್ನು ಬೀಟಲ್ಸ್ ಗಾಯಕ ಜಾನ್ ಲೆನನ್ ತಲೆಗೆ ಕಟ್ಟುತ್ತಾರೆ. ಲೆನನ್ ಹೀಗೆ ಹೇಳಿದ್ದಕ್ಕೆ ಆಧಾರ ಸಿಕ್ಕಿಲ್ಲ. ಬ್ರೆಜಿಲ್‌ನ ಲೇಖಕ ಫರ್ನಾಂಡೊ ಸಬಿನೊ ಇದನ್ನು ತಮ್ಮ ಅಪ್ಪನ ಮಾತು ಎಂದು ಬರೆದುಕೊಂಡಿದ್ದಾರೆ. ‘ನನ್ನ ಹಿಂದೆ ನಡೆಯಬೇಡ, ಮುಂದೆಯೂ ನಡೆಯಬೇಡ, ಪಕ್ಕದಲ್ಲಿ ನಡೆ, ಗೆಳೆಯನಾಗಿರು’ ಎಂಬುದು ಆಲ್ಬರ್ಟ್ ಕಮೂ ಹೆಸರಲ್ಲಿ ಓಡುತ್ತದೆ. ಅವರ ಪುಸ್ತಕಗಳಲ್ಲಿ ಹುಡುಕಿದವರಿಗೆ ಇದು ಸಿಕ್ಕಿಲ್ಲ. ‘ಇದೂ ಕಳೆದುಹೋಗುತ್ತದೆ’ ಬೈಬಲ್ಲಿನದ್ದು ಅಂತ ತುಂಬಾ ಜನ ನಂಬಿದ್ದಾರೆ. ಅಲ್ಲಿ ಅದಿಲ್ಲ. 1859ರಲ್ಲಿ ಲಿಂಕನ್ ಒಂದು ಭಾಷಣದಲ್ಲಿ ಇದನ್ನು ಪೂರ್ವ ದೇಶದ ಒಬ್ಬ ರಾಜನ ಕಥೆಯಾಗಿ ಹೇಳಿದರು. ದುಃಖದಲ್ಲಿ ಸಮಾಧಾನ ಹೇಳುವಷ್ಟೇ ಚೆನ್ನಾಗಿ ಅದು ಗರ್ವವನ್ನೂ ಇಳಿಸುತ್ತದೆ ಎಂದರು. ನಾವು ಸಮಾಧಾನದ ಅರ್ಧ ಮಾತ್ರ ಇಟ್ಟುಕೊಂಡಿದ್ದೇವೆ.

ಶೇಕ್ಸ್‌ಪಿಯರ್ ವಿಷಯ ಬೇರೆ. ‘ಕೊನೆ ಚೆನ್ನಾಗಿದ್ದರೆ ಎಲ್ಲವೂ ಚೆನ್ನ’ ಅವರ ನಾಟಕದ ಹೆಸರೇನೋ ಹೌದು, ಆದರೆ ಗಾದೆ ಅವರಿಗಿಂತ ಹಳೆಯದು. ಜಾನ್ ಹೇವುಡ್ ಎಂಬಾತನ 1546ರ ಗಾದೆ ಪುಸ್ತಕದಲ್ಲಿ ಅದಿದೆ. ಶೇಕ್ಸ್‌ಪಿಯರ್ ಹುಟ್ಟಿದ್ದು 1564ರಲ್ಲಿ. ಸ್ವಾರಸ್ಯ ಇರುವುದು ಅವರು ಅದನ್ನು ಎಲ್ಲಿ ಇಟ್ಟರು ಅನ್ನುವುದರಲ್ಲಿ. ಗಂಡ ಬಿಟ್ಟುಹೋದ ನಾಯಕಿ ಹೆಲೆನಾ ನ್ಯಾಯ ಕೇಳಲು ರಾಜನನ್ನು ಹುಡುಕಿಕೊಂಡು ಫ್ರಾನ್ಸಿನ ಮಾರ್ಸೇ ಊರಿಗೆ ಬರುತ್ತಾಳೆ. ರಾಜ ಆಗಲೇ ಹೊರಟುಹೋಗಿರುತ್ತಾನೆ. ಜೊತೆಗಿದ್ದ ವಿಧವೆ ‘ಅಯ್ಯೋ, ಪಟ್ಟ ಪಾಡೆಲ್ಲ ವ್ಯರ್ಥವಾಯ್ತಲ್ಲ’ ಎಂದು ಕೂತುಬಿಡುವ ಹೊತ್ತಿಗೆ ಹೆಲೆನಾ ಈ ಗಾದೆ ಹೇಳುತ್ತಾಳೆ. ಅಂದರೆ ಏನೂ ಮುಗಿದಿಲ್ಲ, ಏನೂ ಚೆನ್ನಾಗಿಲ್ಲ. ಮುಗಿದ ಮೇಲೆ ನೆಮ್ಮದಿಯಿಂದ ಹೇಳುವ ಮಾತು ಅಂದುಕೊಂಡಿದ್ದು ಅಲ್ಲಿ ಹಲ್ಲು ಕಚ್ಚಿಕೊಂಡು ಹೇಳುವ ಮಾತಾಗಿದೆ. ಇನ್ನು ನಾಟಕದ ಕೊನೆಯಲ್ಲಿ ರಾಜ ಏನು ಹೇಳುತ್ತಾನೆ ಗೊತ್ತಾ? ‘ಸದ್ಯಕ್ಕೆ ಎಲ್ಲ ಸರಿಯಿರುವಂತೆ ಕಾಣುತ್ತದೆ.’ ಅಷ್ಟೇ. ಹೆಲೆನಾಳ ಗಂಡನ ಬುದ್ಧಿ ನೋಡಿದವರಿಗೆ ಆ ಎಚ್ಚರಿಕೆ ಜಾಸ್ತಿ ಅನ್ನಿಸಲ್ಲ.

ಸಹನೆಯ ಸಾಲುಗಳಲ್ಲಿ ಈ ಕತ್ತರಿ ಕೆಲಸ ಎದ್ದು ಕಾಣುತ್ತದೆ. ‘ಮತ್ತೆ ಪ್ರಯತ್ನಿಸು. ಮತ್ತೆ ಸೋಲು. ಇನ್ನೂ ಚೆನ್ನಾಗಿ ಸೋಲು.’ ಇದು ಸ್ಯಾಮ್ಯುಯೆಲ್ ಬೆಕೆಟ್ 1983ರಲ್ಲಿ ಪ್ರಕಟಿಸಿದ ಸಣ್ಣ ಗದ್ಯಕೃತಿಯಲ್ಲೇ ಇದೆ. ಟೆನಿಸ್ ಆಟಗಾರ ಸ್ಟಾನ್ ವಾವ್ರಿಂಕಾ ಕೈ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದಾರೆ. ಅದೇ ಕೃತಿಯಲ್ಲಿ ಸ್ವಲ್ಪ ಮುಂದೆ ಹೋದರೆ ಬೆಕೆಟ್ ಇನ್ನೂ ಕೆಟ್ಟದಾಗಿ ಸೋಲು ಅನ್ನುತ್ತಾರೆ, ಪೂರ್ತಿ ವಾಕರಿಕೆ ಬರುವ ತನಕ, ಎಲ್ಲ ಕಕ್ಕಿ ಹೋಗುವ ತನಕ. ಗೆಲುವಿಗೆ ಮೆಟ್ಟಿಲು ಅನ್ನುವ ಮಾತೇ ಅಲ್ಲಿಲ್ಲ. ಆಟಗಾರನ ಕೈ ಮೇಲೆ ಅದು ಇರಲಿ ಬಿಡಿ, ನನ್ನ ತಕರಾರಿಲ್ಲ. ಆದರೆ ಅದನ್ನು ಬೆಕೆಟ್ ಕೊಟ್ಟ ಪ್ರೋತ್ಸಾಹ ಅನ್ನುವುದು ಸುಮ್ನೆ ಸುಳ್ಳು.

ನಮ್ಮ ಪುರಂದರದಾಸರಿಗೂ ಇದೇ ಆಗಿದೆ. ‘ಈಸಬೇಕು ಇದ್ದು ಜಯಿಸಬೇಕು’ ಅಂತ ಪರೀಕ್ಷೆ ಬರೆಯುವ ಮಕ್ಕಳಿಗೂ ಚುನಾವಣೆಗೆ ನಿಂತವರಿಗೂ ಹೇಳುತ್ತೇವೆ, ಅಲ್ವಾ? ಮುಂದಿನ ಸಾಲು ‘ಹೇಸಿಗೆ ಸಂಸಾರದಲ್ಲಿ ಆಸೆ ಲೇಶ ಇಡದ ಹಾಗೆ’. ದಾಸರು ಹೇಳುವ ಗೆಲುವು ರ್‍ಯಾಂಕೂ ಅಲ್ಲ, ಸೀಟೂ ಅಲ್ಲ. ಅದರ ಆಸೆಯನ್ನೇ ಬಿಡುವುದು. ಸಂಸಾರ ಬಿಟ್ಟು ಓಡಿಹೋಗದೆ ಇಲ್ಲೇ ಇದ್ದು ಆಸೆ ಬಿಡುವುದು, ಅದು ಇನ್ನೂ ಕಷ್ಟ.

ಗೆಳೆತನದ ಸಾಲುಗಳು ಮಾತ್ರ ಹುಡುಕಿದಷ್ಟೂ ಚೆನ್ನಾಗುತ್ತವೆ. ನನಗೆ ತುಂಬಾ ಇಷ್ಟವಾದದ್ದು ಫ್ರಾನ್ಸಿನ ಪ್ರಬಂಧಕಾರ ಮೊಂಟೇನ್ ಬರೆದದ್ದು: ‘ಯಾಕೆಂದರೆ ಅವನು ಅವನಾಗಿದ್ದ, ನಾನು ನಾನಾಗಿದ್ದೆ.’ ಅವರ ಗೆಳೆಯ ಲಾ ಬೊಯೆಸಿ ತೀರಿಕೊಂಡದ್ದು 1563ರಲ್ಲಿ, 32ನೇ ವಯಸ್ಸಿಗೆ. ಅವರಿಬ್ಬರ ಒಡನಾಟ ಕೆಲವೇ ವರ್ಷಗಳದ್ದು. 1580ರಲ್ಲಿ ಮೊಂಟೇನ್ ಪ್ರಬಂಧಗಳು ಅಚ್ಚಾದಾಗ ಗೆಳೆತನದ ಪ್ರಬಂಧದಲ್ಲಿ ಈ ಸಾಲು ಇರಲೇ ಇಲ್ಲ. ಅವನನ್ನು ಯಾಕೆ ಅಷ್ಟು ಪ್ರೀತಿಸಿದೆ ಎಂದು ಒತ್ತಾಯ ಮಾಡಿ ಕೇಳಿದರೆ ಹೇಳಲು ಆಗುವುದಿಲ್ಲ ಅಂತ ಬರೆದು ಅಲ್ಲಿಗೇ ನಿಲ್ಲಿಸಿದ್ದರು. ಉತ್ತರ ಬಂದದ್ದು 1588ರ ನಂತರ. ಆ ವರ್ಷದ ಮುದ್ರಣದ ತಮ್ಮದೇ ಪ್ರತಿಯ ಅಂಚಿನಲ್ಲಿ ಕೈಬರಹದಲ್ಲಿ ಸೇರಿಸಿದರು. ಆ ಪ್ರತಿ ಈಗಲೂ ಬೋರ್ಡೊ ನಗರದ ಗ್ರಂಥಾಲಯದಲ್ಲಿದೆ. ನೋಡಿದರೆ ‘ಅವನು’ ಅನ್ನುವ ಅರ್ಧ ಒಂದು ಶಾಯಿಯಲ್ಲಿ, ‘ನಾನು’ ಅನ್ನುವ ಅರ್ಧ ಇನ್ನೊಂದು ಶಾಯಿಯಲ್ಲಿ. ಗೆಳೆಯ ಸತ್ತು ಕಾಲು ಶತಮಾನ ಆಗಿತ್ತು. ಮೊದಲು ಅವನ ಪಾಲಿನ ಉತ್ತರ ಹೊಳೆಯಿತು, ತಮ್ಮ ಪಾಲಿನದು ಆಮೇಲೆ. 1592ರಲ್ಲಿ ಮೊಂಟೇನ್ ತೀರಿಕೊಂಡರು, ಸಾಲು ಅಚ್ಚಾದದ್ದು 1595ರಲ್ಲಿ.

ಪರೀಕ್ಷೆ ಮಾಡುವ ದಾರಿ ಸುಲಭ. ಲೇಖಕರ ಹೆಸರಿನ ಜೊತೆ ಕೃತಿಯ ಹೆಸರು ಇದೆಯಾ ನೋಡಿ. ಬರೀ ಹೆಸರು, ಕೆಳಗೆ ಒಂದು ಸೂರ್ಯಾಸ್ತದ ಚಿತ್ರ ಇದ್ದರೆ ಅನುಮಾನಪಡಿ. ಕೃತಿ ಸಿಕ್ಕಿದರೆ ಹಿಂದೆ ಮುಂದೆ ಒಂದೊಂದು ಪುಟ ಓದಿ. ನಾಟಕವಾದರೆ ಆ ಮಾತು ಯಾವ ಪಾತ್ರದ್ದು ಅಂತಲೂ ನೋಡಿ, ಎಷ್ಟೋ ಸಲ ಲೇಖಕರ ಹೆಸರಲ್ಲಿ ನಾವು ಹೊಗಳುವುದು ಖಳನ ಮಾತನ್ನು.

ಇನ್ನು ನಿಮ್ಮ ಭಾಷಣ. ಪಕ್ಕದಲ್ಲಿ ನಡೆಯುವ ಸಾಲು ಮನಸ್ಸಿಗೆ ಬಂದಿದ್ದರೆ ಅದನ್ನೇ ಹೇಳಿ, ಕಮೂ ಹೆಸರು ಮಾತ್ರ ಬೇಡ. ಹೊರಡುತ್ತಿರುವವರು ನಿಜವಾಗ್ಲೂ ಆಪ್ತರಾದರೆ ಮೊಂಟೇನ್ ಸಾಲು, ಎರಡು ಶಾಯಿಯ ಕಥೆ ಸಮೇತ. ಬೆಕೆಟ್‌ರನ್ನು ಈ ಸಲ ಬಿಟ್ಟುಬಿಡಿ.