ಡಿಮ್ ಕರೆಂಟಿನಲ್ಲಿ ಮೋಟರ್ ಯಾಕೆ ಸುಡುತ್ತದೆ?

ಮಾರ್ಚ್ ಬಂದರೂ ಹೂ ಅರಳಿಸುವ ಹೂಮಳೆ ಬೀಳದಿದ್ದರೆ ಕೊಡಗಿನ ರೊಬಸ್ಟಾ ಕಾಫಿ ತೋಟಗಳಲ್ಲಿ ಸ್ಪ್ರಿಂಕ್ಲರ್ ತಿರುಗಲೇಬೇಕು. ಮೋಟರ್ ಸುಡುವ ಕಾಲವೂ ಅದೇ. ಯಾರನ್ನು ಕೇಳಿದರೂ 'ಕರೆಂಟ್ ಡಿಮ್ ಇತ್ತು, ವೈಂಡಿಂಗ್ (ಮೋಟರಿನೊಳಗೆ ಸುತ್ತಿದ ತಂತಿ) ಹೋಯ್ತು' ಎನ್ನುತ್ತಾರೆ. ಸರಿಯೇ. ಆದರೆ ವೋಲ್ಟೇಜ್ ಕಡಿಮೆಯಾದರೆ ಹರಿಯುವ ಕರೆಂಟೂ ಕಡಿಮೆಯಾಗಬೇಕು ಅಲ್ವಾ, ಮತ್ತೆ ಸುಡುವುದು ಹೇಗೆ ಎಂದರೆ ಉತ್ತರ ಇಲ್ಲ. ದೃಷ್ಟಿ ತಾಗಿದೆ ಎಂದು ಮೋಟರ್ ಮನೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವವರೂ ಇದ್ದಾರೆ. ಕಟ್ಟಲಿ, ಜೊತೆಗೆ ಕರೆಂಟ್ ಅಳೆಯುವ ಆಮೀಟರಿನ ಮುಳ್ಳನ್ನೂ ಒಮ್ಮೆ ನೋಡಲಿ.

ವ್ಯಾಟ್ ಎಂದರೆ ವೋಲ್ಟ್ ಗುಣಿಸು ಆಂಪಿಯರ್. ಇದು ಎಲ್ಲರಿಗೂ ಗೊತ್ತು. ಈ ಮೂರರಲ್ಲಿ ಯಾವುದು ಅಲುಗದೆ ನಿಲ್ಲುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಗೀಸರ್ ತೆಗೆದುಕೊಳ್ಳಿ. 230 ವೋಲ್ಟಿಗೆ 2000 ವ್ಯಾಟ್, ಅಂದರೆ 8.7 ಆಂಪಿಯರ್. ಅದರ ಕಾಯಿಲಿನ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಬದಲಾಗುವುದಿಲ್ಲ. ವೋಲ್ಟೇಜ್ 180ಕ್ಕೆ ಇಳಿದರೆ ಕರೆಂಟ್ 6.8 ಆಂಪಿಯರಿಗೆ, ಪವರ್ ಸುಮಾರು 1200 ವ್ಯಾಟಿಗೆ ಇಳಿಯುತ್ತದೆ. ನೀರು ಕಾಯುವುದು ತಡ, ಅಷ್ಟೇ. ಗೀಸರ್‌ಗೆ ಏನೂ ಆಗುವುದಿಲ್ಲ.

ಪಂಪಿನ ಮೋಟರ್ ಹಾಗಲ್ಲ. ಅದರ ವೇಗವನ್ನು ಮುಖ್ಯವಾಗಿ ನಿರ್ಧರಿಸುವುದು ವೋಲ್ಟೇಜ್ ಅಲ್ಲ, ಲೈನಿನ 50 ಹರ್ಟ್ಸ್, ಅಂದರೆ ಕರೆಂಟ್ ಸೆಕೆಂಡಿಗೆ 50 ಸಲ ಆವರ್ತಿಸುವುದು. ನಾಲ್ಕು ಪೋಲಿನ ಮೋಟರ್ ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ವೋಲ್ಟೇಜ್ ಬಿದ್ದರೆ ಈ ವೇಗ ಸ್ವಲ್ಪವೇ ತಗ್ಗುತ್ತದೆ. ಪಂಪ್ ಹೆಚ್ಚುಕಮ್ಮಿ ಅದೇ ವೇಗದಲ್ಲಿ ತಿರುಗಿದರೆ ಕೆರೆಯಿಂದ ಎತ್ತುವ ನೀರೂ ಹೆಚ್ಚುಕಮ್ಮಿ ಅಷ್ಟೇ, ಬೇಕಾದ ವ್ಯಾಟೂ ಅಷ್ಟೇ. ಕಾಫಿ ಕುಯ್ಯುವವರಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಕೆಜಿಯ ರೇಟ್ ಇಳಿಸಿ, ಸಂಜೆ ಅಷ್ಟೇ ದುಡ್ಡು ಮನೆಗೆ ಬೇಕು ಎಂದರೆ ಜಾಸ್ತಿ ಕೆಜಿ ಕುಯ್ಯಲೇಬೇಕು. ವೋಲ್ಟೇಜ್ ರೇಟು, ಆಂಪಿಯರ್ ಕೆಜಿ.

5 ಎಚ್‌ಪಿ ಅಂದರೆ 3730 ವ್ಯಾಟ್. ಮೂರು ಫೇಸಿನ ಲೆಕ್ಕಕ್ಕೆ 1.732 ಬರುತ್ತದೆ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) 0.8, ದಕ್ಷತೆ 85 ಪರ್ಸೆಂಟ್ ಎಂದು ಹಿಡಿದರೆ 415 ವೋಲ್ಟಿನಲ್ಲಿ ಮೋಟರ್ ಎಳೆಯುವುದು 7.6 ಆಂಪಿಯರ್. ವೋಲ್ಟೇಜ್ 340ಕ್ಕೆ ಬಿದ್ದರೆ 9.3 ಆಂಪಿಯರ್. ಇಷ್ಟೇನಾ ಅನ್ನಬೇಡಿ. ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು 1840ರ ಸುಮಾರಿಗೆ ಜೇಮ್ಸ್ ಜೂಲ್ ಎಂಬ ಬಿಯರ್ ತಯಾರಕರ ಮನೆಯ ಹುಡುಗ ಅಳೆದು ತೋರಿಸಿದ್ದಾನೆ. ಆ ಲೆಕ್ಕದಲ್ಲಿ ನಿಮ್ಮ ವೈಂಡಿಂಗಿನ ಬಿಸಿ ಒಂದೂವರೆ ಪಟ್ಟು. ವೈಂಡಿಂಗಿನ ಇನ್ಸುಲೇಶನ್ ಪ್ರತಿ 10 ಡಿಗ್ರಿ ಹೆಚ್ಚು ಬಿಸಿಗೆ ಅರ್ಧ ಆಯಸ್ಸು ಕಳೆದುಕೊಳ್ಳುತ್ತದೆ ಎಂಬುದು ಎಂಜಿನಿಯರುಗಳ ಹಳೇ ಅಂದಾಜು. ವಾರ್ನಿಷ್ ಸುಟ್ಟ ವಾಸನೆ ಮೂಗಿಗೆ ಬಡಿಯುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ.

ಸ್ಟಾರ್ಟ್ ಮಾಡುವಾಗ ಇನ್ನೂ ಕಷ್ಟ. ತಿರುಗಿಸುವ ಬಲವೂ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 70 ಪರ್ಸೆಂಟ್ ವೋಲ್ಟೇಜಿಗೆ ಅರ್ಧ ಬಲ. ಶಾಫ್ಟ್ ಅಲುಗುವುದಿಲ್ಲ, ಗುಂಯ್ ಅನ್ನುತ್ತಾ ನಿಂತಲ್ಲೇ ನಾಲ್ಕೈದು ಪಟ್ಟು ಕರೆಂಟ್ ಎಳೆಯುತ್ತದೆ.

ಇನ್ನು ವೋಲ್ಟೇಜ್ ಬೀಳುವುದು ಯಾಕೆ? ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಎಲ್ಲೋ ರಸ್ತೆಯಲ್ಲಿ, ತೋಟ ಗುಡ್ಡದ ಆಚೆ. ನಡುವಿನ ತಂತಿಯ ರೋಧ 1 ಓಮ್ ಅಂದುಕೊಂಡರೆ 30 ಆಂಪಿಯರ್ ಹರಿದಾಗ 30 ವೋಲ್ಟ್ ದಾರಿಯಲ್ಲೇ ಖರ್ಚು. ಅದಕ್ಕೇ ದೂರದ ದಾರಿಗೆ ಹೆಚ್ಚು ವೋಲ್ಟೇಜ್. 63 ಕೆವಿಎ ಸಾಮರ್ಥ್ಯದ ಟಿಸಿಯ ಒಳಗೆ ಬರುವ 11,000 ವೋಲ್ಟಿನ ತಂತಿಯಲ್ಲಿ ಬರೀ 3.3 ಆಂಪಿಯರ್. ಹೊರಗೆ 433 ವೋಲ್ಟಿನಲ್ಲಿ 84. ತಲಕಾವೇರಿಯಿಂದ ಇಳಿದು ಹೋಗುವ ನಮ್ಮ ನೀರೇ 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟಾಗಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿದ್ದೂ ಈ ಉಪಾಯದಿಂದಲೇ. ವೋಲ್ಟೇಜ್ ಹತ್ತು ಪಟ್ಟು ಮಾಡಿದರೆ ಕರೆಂಟ್ ಹತ್ತರಲ್ಲೊಂದು, ದಾರಿಯ ಬಿಸಿ ನೂರರಲ್ಲೊಂದು. ಎಷ್ಟು ಚೆಂದದ ಲೆಕ್ಕ!

ಸ್ಟೆಬಿಲೈಸರ್ ಹಾಕಿದರೆ ಮುಗೀತು ಅಂದುಕೊಂಡವರು ಇದನ್ನೂ ನೋಡಲಿ. ಅದು ಪವರ್ ಹುಟ್ಟಿಸುವುದಿಲ್ಲ. ಈ ಕಡೆ 230 ವೋಲ್ಟಿನಲ್ಲಿ 5 ಆಂಪಿಯರ್ ಕೊಡಬೇಕಾದರೆ, 180 ವೋಲ್ಟಿನ ಲೈನಿಂದ ಕನಿಷ್ಠ 6.4 ಆಂಪಿಯರ್ ಎಳೆಯಬೇಕು. ಹಾಗೆ ಎಳೆದಷ್ಟೂ ಲೈನ್ ಇನ್ನಷ್ಟು ಕುಸಿಯುತ್ತದೆ. ಪಕ್ಕದ ತೋಟದವರೂ ಒಂದು ತರುತ್ತಾರೆ. ಲೈನಿನ ಕೊನೆಯಲ್ಲಿರುವ ಮನೆಯ ಬಲ್ಬು ಮಿಣಮಿಣ.

ಇದಕ್ಕಿಂತ ಮೋಟರ್ ಪಕ್ಕದಲ್ಲೇ ಸರಿಯಾದ ಅಳತೆಯ ಕೆಪಾಸಿಟರ್ ಹಾಕಿಸುವುದು ಮೇಲು. ಪವರ್ ಫ್ಯಾಕ್ಟರ್ 0.8ರಿಂದ 0.95ಕ್ಕೆ ಏರಿದರೆ ಅದೇ ಕೆಲಸಕ್ಕೆ ಲೈನಿನಲ್ಲಿ 7.6ರ ಬದಲು 6.4 ಆಂಪಿಯರ್ ಸಾಕು. ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ, ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಮೋಟರಿನ ತಗಡಿನ ಮೇಲೆ ಬರೆದ ಆಂಪಿಯರಿಗೇ ಇಡಿ. ಪದೇಪದೇ ಟ್ರಿಪ್ ಆಗುತ್ತದೆಂದು ಡಯಲ್ ಏರಿಸುವುದು, ಬಟನ್ ಸಂದಿಗೆ ಬೆಂಕಿಕಡ್ಡಿ ಸಿಕ್ಕಿಸುವುದು ನಮ್ಮಲ್ಲಿ ಮಾಮೂಲು. ಸಂಜೆಯ ಹೊತ್ತಿಗೆ ಮೋಟರನ್ನು ಜೀಪಿಗೆ ಹಾಕಿ ರಿವೈಂಡಿಂಗ್ ಅಂಗಡಿಗೆ ಒಯ್ಯುವವರೂ ಅವರೇ.