ಥರ್ಮೋಕೋಲ್ ಕರಗುತ್ತೆ, ನೀರಿನ ಬಾಟಲ್ ಯಾಕೆ ಕರಗಲ್ಲ?

ಪ್ರಶ್ನೆ: ಥರ್ಮೋಕೋಲ್ ತುಂಡನ್ನು ಪೆಟ್ರೋಲ್‌ಗೆ ಹಾಕಿದರೆ ಕಣ್ಣೆದುರೇ ಕರಗುತ್ತದೆ. ಖಾಲಿ ನೀರಿನ ಬಾಟಲ್‌ಗಳನ್ನೂ ಹೀಗೆ ಕರಗಿಸಿ ಹೊಸ ಬಾಟಲ್ ಮಾಡಬಹುದಲ್ವಾ? ಮಗನ ಸ್ಕೂಲ್ ಪ್ರಾಜೆಕ್ಟ್‌ಗೆ ತೋರಿಸಬಹುದಾ?

ಉತ್ತರ: ಕಾರ್ಖಾನೆಯಲ್ಲಿ ಮಾಡಬಹುದು. ಮನೆಯಲ್ಲಿ ಆಗುವುದಿಲ್ಲ. ಪೆಟ್ರೋಲ್, ಥಿನ್ನರ್, ಉಗುರಿನ ಬಣ್ಣ ತೆಗೆಯುವ ಅಸಿಟೋನ್, ಯಾವುದಕ್ಕೂ ನೀರಿನ ಬಾಟಲ್ ಜಗ್ಗುವುದಿಲ್ಲ.

ಮೊದಲು ಒಂದು ಮಾತು. ತುಪ್ಪ ಬಿಸಿಗೆ ಕರಗುತ್ತದೆ, ಬೆಲ್ಲ ನೀರಿನಲ್ಲಿ ಕರಗುತ್ತದೆ. ಎರಡಕ್ಕೂ ನಾವು ‘ಕರಗು’ ಅಂತಲೇ ಹೇಳುತ್ತೇವೆ. ಈಗ ಬಹುತೇಕ ಬಾಟಲ್‌ಗಳ ಮರುಬಳಕೆ ತುಪ್ಪದ ಹಾಗೆ, ಬಿಸಿಯಿಂದ. ನೀವು ಕೇಳಿದ್ದು ಬೆಲ್ಲದ ದಾರಿ.

ಥರ್ಮೋಕೋಲ್ ಅಂದರೆ ಪಾಲಿಸ್ಟೈರೀನ್, ಅದರ ತುಂಬ ಗಾಳಿ. ಅಣುಗಳ ಉದ್ದನೆಯ ಎಳೆಗಳೂ ಅಡ್ಡಾದಿಡ್ಡಿ ಬಿದ್ದಿರುತ್ತವೆ. ದ್ರಾವಕ ಸುಲಭವಾಗಿ ಒಳಗೆ ನುಗ್ಗುತ್ತದೆ. ಬಾಟಲ್ ಪೆಟ್ ಎಂಬ ಪ್ಲಾಸ್ಟಿಕ್‌ನದು. ತಳದಲ್ಲಿ ತ್ರಿಕೋನದೊಳಗೆ 1 ಅಂತ ಇರುತ್ತದೆ, ನೋಡಿ. ಅದನ್ನು ಬಿಸಿ ಮಾಡಿ, ಎಳೆದು, ಊದಿ ಬಾಟಲ್ ಮಾಡುತ್ತಾರೆ. ಆಗ ಎಳೆಗಳು ಸಾಲಾಗಿ ಒತ್ತೊತ್ತಾಗಿ ಕೂರುತ್ತವೆ. ಅದನ್ನೂ ಕರಗಿಸುವ ದ್ರಾವಕಗಳು ಪ್ರಯೋಗಾಲಯದಲ್ಲಿವೆ. ಟ್ರೈಫ್ಲೋರೋಅಸಿಟಿಕ್ ಆಮ್ಲ ಅಂಥದ್ದು. ತಾಗಿದರೆ ಚರ್ಮ ಸುಡುತ್ತದೆ. ದಯವಿಟ್ಟು ಮನೆಯಲ್ಲಿ ಇಂಥ ಪ್ರಯೋಗ ಬೇಡ. ಪೆಟ್ರೋಲ್ ಬಿಸಿ ಮಾಡುವ ಯೋಚನೆಯಂತೂ ಬೇಡವೇ ಬೇಡ.

ಬೆಲ್ಲದಲ್ಲಿ ಕಸ ಇದ್ದರೆ ನೀರಲ್ಲಿ ಕರಗಿಸಿ, ಸೋಸಿ, ಕುದಿಸುತ್ತೇವೆ. ಕೆಲವು ಪ್ಲಾಸ್ಟಿಕ್‌ಗಳನ್ನು ಹೀಗೆಯೇ ಶುದ್ಧ ಮಾಡಬಹುದು. ತೊಡಕು ಏನೆಂದರೆ, ಬೆಲ್ಲದ ಜೊತೆ ಉಪ್ಪೂ ಕರಗಿದ್ದರೆ ಸೋಸಿದಾಗ ಹೋಗುವುದಿಲ್ಲ. ಇಟಲಿಯ ಫೆರಾರಾದಲ್ಲಿ 2002ರಲ್ಲಿ ಶುರುವಾದ ವಿನಿಲೂಪ್ ಘಟಕಕ್ಕೆ ಆದದ್ದು ಇದೇ. ಅಲ್ಲಿ ಹಳೆಯ ಪಿವಿಸಿಯನ್ನು ಕರಗಿಸಿ ಸೋಸುತ್ತಿದ್ದರು. ಪಿವಿಸಿ ಮೆತ್ತಗಿರಲಿ ಅಂತ ಹಿಂದೆ ಸೇರಿಸಿದ್ದ ಥ್ಯಾಲೇಟ್‌ಗಳು ಮಾತ್ರ ಅದರ ಜೊತೆಯೇ ಉಳಿದವು. ಯುರೋಪಿನ ನಿಯಮ ಬಿಗಿಯಾಯಿತು, 2018ರಲ್ಲಿ ಘಟಕ ಮುಚ್ಚಿತು.

ಬಾಟಲ್‌ಗೆ ಹೆಚ್ಚು ಹೊಂದುವುದು ಇನ್ನೊಂದು ದಾರಿ, ಮಣಿಸರ ಬಿಚ್ಚಿದ ಹಾಗೆ. ಇಲ್ಲಿ ದ್ರಾವಕ ಎಳೆಯನ್ನೇ ಕಡಿಯುತ್ತದೆ. ಎಥಿಲೀನ್ ಗ್ಲೈಕಾಲ್ ಅಂತ ಒಂದು ದ್ರವ ಇದೆ. ಕಾರಿನ ಕೂಲೆಂಟ್‌ನಲ್ಲಿ ಸಾಮಾನ್ಯವಾಗಿ ಇರುವುದೂ ಅದೇ. ಅದನ್ನು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ, ಸತುವಿನ ಲವಣ ಸ್ವಲ್ಪ ಸೇರಿಸಿ ಪೆಟ್ ಚೂರು ಹಾಕಿದರೆ ಸರ ಬಿಚ್ಚಿಕೊಳ್ಳುತ್ತದೆ. ಬಣ್ಣ, ಅಂಟು ಎಲ್ಲ ತೆಗೆದು ಆ ಮಣಿಗಳನ್ನು ಮತ್ತೆ ಪೋಣಿಸಿದರೆ ಹೊಚ್ಚ ಹೊಸ ಪೆಟ್! ಮೆಥನಾಲ್‌ನಿಂದಲೂ ಇದು ಸಾಧ್ಯ. ಅಮೆರಿಕದ ಟೆನೆಸ್ಸಿಯ ಕಿಂಗ್ಸ್‌ಪೋರ್ಟ್‌ನಲ್ಲಿ ಈಸ್ಟ್‌ಮನ್ ಕಂಪನಿಯ ದೊಡ್ಡ ಮೆಥನಾಲ್ ಘಟಕ 2024ರಲ್ಲಿ ಶುರುವಾಯಿತು.

ಹಾಗಂತ ಎಲ್ಲ ಬಾಟಲ್‌ಗಳನ್ನೂ ಅಲ್ಲಿಗೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಬಿಚ್ಚುವುದಕ್ಕಿಂತ, ದ್ರಾವಕವನ್ನು ಆವಿ ಮಾಡಿ ವಾಪಸ್ ಹಿಡಿಯುವುದು, ಮಣಿಗಳನ್ನು ಶುದ್ಧ ಮಾಡುವುದು, ಇವಕ್ಕೇ ಜಾಸ್ತಿ ಇಂಧನ ಬೇಕು. ಬಣ್ಣವಿಲ್ಲದ, ಸ್ವಚ್ಛವಾದ ಬಾಟಲ್‌ಗೆ ತೊಳೆದು, ಒಣಗಿಸಿ, ಬಿಸಿಯಲ್ಲಿ ಕರಗಿಸುವ ಹಳೆಯ ವಿಧಾನವೇ ಸಾಕು. ದ್ರಾವಕದ ನಿಜವಾದ ಕೆಲಸ ಇರುವುದು ಬಟ್ಟೆಯಲ್ಲಿ. ನಮ್ಮ ದೇಶದಲ್ಲಿ ಗುಜರಿ ಅಂಗಡಿ ಸೇರಿದ ಬಾಟಲ್‌ಗಳಲ್ಲಿ ಬಹುಪಾಲು ಪಾಲಿಯೆಸ್ಟರ್ ನೂಲಾಗುತ್ತವೆ. ಆ ನೂಲು ಬಣ್ಣ ಹಚ್ಚಿಸಿಕೊಂಡು, ಹತ್ತಿಯ ಜೊತೆ ಸೇರಿ ಅಂಗಿಯಾದ ಮೇಲೆ ಬರೀ ಬಿಸಿ ಮಾಡಿ ವಾಪಸ್ ಪಡೆಯಲು ಆಗುವುದಿಲ್ಲ. ಅಲ್ಲಿ ಸರ ಬಿಚ್ಚಲೇಬೇಕು.

ಇನ್ನು ನಿಮ್ಮ ಮಗನ ಪ್ರಾಜೆಕ್ಟ್. ಪೆಟ್ರೋಲ್ ಬದಲು ಒಂದು ಬಕೆಟ್ ನೀರು ಸಾಕು. ಬಾಟಲನ್ನೂ ಮುಚ್ಚಳವನ್ನೂ ಸಣ್ಣಗೆ ನೀವೇ ಕತ್ತರಿಸಿಕೊಡಿ. ನೀರಿಗೆ ಹಾಕಿ ಚೆನ್ನಾಗಿ ಕಲಕಲಿ. ಪೆಟ್ ಚೂರು ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಮರುಬಳಕೆ ಘಟಕದ ತೊಟ್ಟಿಯಲ್ಲಿ ಎರಡನ್ನೂ ಬೇರೆ ಮಾಡುವುದು ಹೀಗೆಯೇ.