ಸೋಲುವ ತಂಡದಿಂದ ಯಾರನ್ನು ಆರಿಸಬೇಕು? ಕೆರೊಲಿನಾ ಪ್ಯಾಂಥರ್ಸ್ 2024: ಫ್ಯಾಂಟಸಿ ಫುಟ್‌ಬಾಲ್ ಟಿಪ್ಪಣಿ

ಆಫೀಸಿನ ಅಮೆರಿಕನ್ ಸಹೋದ್ಯೋಗಿಗಳು ಫ್ಯಾಂಟಸಿ ಲೀಗಿಗೆ ಕರೆದಿದ್ದಾರೆ, ಆದರೆ ಆಟವೇ ಹೊಸದು ಅನ್ನುವವರಿಗೆ ಈ ಟಿಪ್ಪಣಿ. ಇಲ್ಲಿ ಫುಟ್‌ಬಾಲ್ ಅಂದರೆ ಎನ್‌ಎಫ್‌ಎಲ್, ಅಂದರೆ ಅಮೆರಿಕನ್ ಫುಟ್‌ಬಾಲ್. ಒಂದು ಕೆಟ್ಟ ತಂಡವನ್ನು ಸೀಸನ್ ಶುರುವಾಗುವ ಮೊದಲು ಹೇಗೆ ಓದಬೇಕು ಅನ್ನುವುದು ವಿಷಯ. ಉದಾಹರಣೆಗೆ 2024ರ ಆಗಸ್ಟಿನ ಕೆರೊಲಿನಾ ಪ್ಯಾಂಥರ್ಸ್ ತಂಡವನ್ನು ತೆಗೆದುಕೊಂಡಿದ್ದೇನೆ. ಆ ಸೀಸನ್ ಮುಗಿದಿರುವುದರಿಂದ ನಮ್ಮ ಊಹೆ ಎಲ್ಲಿ ನಿಂತಿತು, ಎಲ್ಲಿ ಬಿತ್ತು ಅಂತ ಪರೀಕ್ಷೆ ಮಾಡಬಹುದು.

ಕೆಟ್ಟ ತಂಡದ ಆಟಗಾರರು ನಮಗ್ಯಾಕೆ ಬೇಕು?

ಕ್ರಿಕೆಟ್ ಫ್ಯಾಂಟಸಿ ಆಪ್‌ಗಳಲ್ಲಿ ಪ್ರತಿ ಪಂದ್ಯಕ್ಕೂ ಹೊಸ ಹನ್ನೊಂದು ಜನರನ್ನು ಆರಿಸುತ್ತೇವೆ. ಒಬ್ಬನೇ ಆಟಗಾರ ಲಕ್ಷಾಂತರ ಜನರ ತಂಡದಲ್ಲಿ ಇರಬಹುದು. ಇಲ್ಲಿ ಹಾಗಲ್ಲ. ಸೀಸನ್ನಿಗೆ ಮುಂಚೆ ಒಂದೇ ಸಲ ಡ್ರಾಫ್ಟ್, ಅಂದರೆ ಸರದಿಯಂತೆ ಆಟಗಾರರನ್ನು ಆರಿಸುವುದು, ನಡೆಯುತ್ತದೆ. ಒಬ್ಬರು ಆರಿಸಿದ ಆಟಗಾರ ಆ ಲೀಗಿನಲ್ಲಿ ಬೇರೆಯವರಿಗೆ ಸಿಗುವುದಿಲ್ಲ. ಹನ್ನೆರಡು ಜನ ಸೇರಿ ತಲಾ ಹದಿನೈದು ಆಟಗಾರರನ್ನು ತೆಗೆದುಕೊಂಡರೆ 180 ಹೆಸರು ಖಾಲಿ. ಎನ್‌ಎಫ್‌ಎಲ್‌ನಲ್ಲಿ ಇರುವುದೇ 32 ತಂಡ. ಬರೀ ಗೆಲ್ಲುವ ತಂಡಗಳಿಂದ ಇಷ್ಟು ಜನ ಹೊರಡುವುದಿಲ್ಲ. ಎಂಟನೇ, ಒಂಬತ್ತನೇ ಸುತ್ತಿಗೆ ಬರುವಷ್ಟರಲ್ಲಿ ಸೋಲುವ ತಂಡದವರ ಹೆಸರು ನಿಮ್ಮ ಪರದೆಯ ಮೇಲೆ ಬಂದೇ ಬರುತ್ತದೆ.

ಅಂಕಗಳ ಲೆಕ್ಕ ಸರಳ. ಪಿಪಿಆರ್ (ಪಾಯಿಂಟ್ ಪರ್ ರಿಸೆಪ್ಷನ್) ಪದ್ಧತಿಯಲ್ಲಿ ಹಿಡಿದ ಪ್ರತಿ ಚೆಂಡಿಗೆ 1, ಓಡಿ ಅಥವಾ ಹಿಡಿದು ಗಳಿಸಿದ ಪ್ರತಿ 10 ಯಾರ್ಡಿಗೆ 1, ಟಚ್‌ಡೌನಿಗೆ (ಚೆಂಡನ್ನು ಎದುರಾಳಿಯ ತುದಿಯ ಗೆರೆ ದಾಟಿಸಿದ್ದಕ್ಕೆ) 6. ಎಸೆಯುವ ಕ್ವಾರ್ಟರ್‌ಬ್ಯಾಕಿಗೆ ಸಾಮಾನ್ಯವಾಗಿ 25 ಯಾರ್ಡಿಗೆ 1, ಟಚ್‌ಡೌನಿಗೆ 4. ಎಸೆದ ಚೆಂಡು ಎದುರಾಳಿ ಕೈ ಸೇರಿದರೆ (ಇಂಟರ್‌ಸೆಪ್ಷನ್) 2 ಕಡಿತ. ತಂಡ ಗೆದ್ದಿತಾ, ಸೋತಿತಾ ಅನ್ನುವುದಕ್ಕೆ ಆಟಗಾರನಿಗೆ ಒಂದಂಕವೂ ಇಲ್ಲ. ಹೊಸಬರು ಮರೆಯುವುದು ಇದನ್ನೇ. ಐಪಿಎಲ್‌ನಲ್ಲಿ ಕೊನೇ ಸ್ಥಾನದ ತಂಡಕ್ಕೂ ಓಪನರ್ ಇರುತ್ತಾನೆ, ಅವನಿಗೂ ಮೊದಲ ಓವರಿನಿಂದ ಚೆಂಡು ಸಿಗುತ್ತದೆ, ಅಲ್ವಾ? ಹಾಗೆಯೇ ಇಲ್ಲೂ ಚೆಂಡು ಯಾರ ಕೈಗೆ ಹೋಗುತ್ತದೆ ಅನ್ನುವುದು ಮೊದಲ ಪ್ರಶ್ನೆ.

2023: ಎಷ್ಟು ಕೆಟ್ಟದಾಗಿತ್ತು?

ತುಂಬಾ. ಪ್ಯಾಂಥರ್ಸ್ 17 ಪಂದ್ಯಗಳಲ್ಲಿ 2 ಗೆದ್ದು 15 ಸೋತಿತು. ಗೆದ್ದ ಎರಡರ ಸ್ಕೋರ್ ನೋಡಿ: ಟೆಕ್ಸನ್ಸ್ ಎದುರು 15-13, ಫಾಲ್ಕನ್ಸ್ ಎದುರು 9-7. ಕೊನೆಯ ಎರಡು ಪಂದ್ಯಗಳಲ್ಲಿ ತಂಡ ಒಂದು ಪಾಯಿಂಟ್ ಕೂಡ ಗಳಿಸಲಿಲ್ಲ. ಇಡೀ ಸೀಸನ್ನಿನಲ್ಲಿ 236 ಪಾಯಿಂಟ್, ಅಂದರೆ ಪಂದ್ಯಕ್ಕೆ 14 ಕೂಡ ಇಲ್ಲ. ಕೋಚ್ ಫ್ರಾಂಕ್ ರೀಕ್ ಅವರನ್ನು ಹನ್ನೊಂದು ಪಂದ್ಯಕ್ಕೇ ಮನೆಗೆ ಕಳಿಸಿದರು.

ಇದಕ್ಕಿಂತ ನೋವಿನ ವಿಷಯ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್. 2023ರ ಎನ್‌ಎಫ್‌ಎಲ್ ಡ್ರಾಫ್ಟಿನಲ್ಲಿ (ತಂಡಗಳು ಕಾಲೇಜಿನ ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ನಿಜವಾದ ಡ್ರಾಫ್ಟ್) ಅವನನ್ನು ಮೊದಲನೆಯವನಾಗಿ ಆರಿಸಲು ತಂಡ ಶಿಕಾಗೊ ಬೇರ್ಸ್‌ಗೆ ಹಲವು ಪಿಕ್‌ಗಳ (ಆರಿಸುವ ಸರದಿಗಳ) ಜೊತೆ ತನ್ನ ಅತ್ಯುತ್ತಮ ರಿಸೀವರ್ ಡಿ.ಜೆ. ಮೂರ್‌ನನ್ನೂ ಕೊಟ್ಟುಬಿಟ್ಟಿತ್ತು. ಎಸೆಯುವವನನ್ನು ತರಲು ಹಿಡಿಯುವವನನ್ನು ಮಾರಿದ ಹಾಗಾಯಿತು. ಯಂಗ್ 16 ಪಂದ್ಯಗಳಲ್ಲಿ 2,877 ಯಾರ್ಡ್, 11 ಟಚ್‌ಡೌನ್, 10 ಇಂಟರ್‌ಸೆಪ್ಷನ್ ಎಸೆದ. ಲೆಕ್ಕ ಹಾಕಿ: ಯಾರ್ಡಿಗೆ 115, ಟಚ್‌ಡೌನಿಗೆ 44, ಕಡಿತ 20. ಒಟ್ಟು 139, ಪಂದ್ಯಕ್ಕೆ 9 ಅಂಕವೂ ಬೀಳುವುದಿಲ್ಲ. ಓಡಿದ ಯಾರ್ಡ್ ಸೇರಿಸಿದರೂ ಹೆಚ್ಚೇನೂ ಏರುವುದಿಲ್ಲ. 62 ಸಲ ಅವನನ್ನು ಚೆಂಡಿನ ಸಮೇತ ನೆಲಕ್ಕೆ ಕೆಡವಿದರು. ಇದನ್ನೇ ಸ್ಯಾಕ್ ಅನ್ನುವುದು.

ಆಡಂ ಥೀಲನ್‌ನ ಒಂದೇ ಸೀಸನ್ನಿನೊಳಗಿನ ಎರಡು ಸೀಸನ್

ಈ ಭಾಗವನ್ನು ನಿಧಾನವಾಗಿ ಓದಿ. ಇಡೀ ಟಿಪ್ಪಣಿಯಲ್ಲಿ ನನಗೆ ಜಾಸ್ತಿ ಇಷ್ಟವಾದ ಲೆಕ್ಕ ಇದು.

ಇಷ್ಟು ಕೆಟ್ಟ ತಂಡದಲ್ಲೂ ರಿಸೀವರ್ ಆಡಂ ಥೀಲನ್ 2023ರಲ್ಲಿ 103 ಚೆಂಡು ಹಿಡಿದು 1,014 ಯಾರ್ಡ್, 4 ಟಚ್‌ಡೌನ್ ಗಳಿಸಿದ. ಪಿಪಿಆರ್ ಲೆಕ್ಕದಲ್ಲಿ ಸುಮಾರು 228 ಅಂಕ, ಪಂದ್ಯಕ್ಕೆ 13ರ ಮೇಲೆ. ಇಷ್ಟೇ ನೋಡಿದರೆ "ಸೋಲುವ ತಂಡ ಹಿಂದೆ ಬಿದ್ದಿರುತ್ತದೆ, ಹಾಗಾಗಿ ಜಾಸ್ತಿ ಎಸೆಯುತ್ತದೆ, ರಿಸೀವರ್‌ಗೆ ಲಾಭ" ಅನ್ನುವ ಹಳೇ ಸೂತ್ರ ಸರಿ ಅನ್ನಿಸುತ್ತದೆ.

ಈಗ ಸೀಸನ್ನನ್ನು ಎರಡಾಗಿ ಸೀಳಿ. ಮೊದಲ 6 ಪಂದ್ಯ: 49 ಚೆಂಡು, 509 ಯಾರ್ಡ್, ಆ ನಾಲ್ಕೂ ಟಚ್‌ಡೌನ್. ಪಂದ್ಯಕ್ಕೆ 20ಕ್ಕೂ ಹೆಚ್ಚು ಅಂಕ. ಆ ಒಂದೂವರೆ ತಿಂಗಳು ಅವನು ಲೀಗಿನ ದೊಡ್ಡ ದೊಡ್ಡ ಹೆಸರುಗಳ ಸಾಲಿನಲ್ಲಿದ್ದ. ಉಳಿದ 11 ಪಂದ್ಯ: 54 ಚೆಂಡು, 505 ಯಾರ್ಡ್, ಟಚ್‌ಡೌನ್ ಸೊನ್ನೆ. ಪಂದ್ಯಕ್ಕೆ ಒಂಬತ್ತೂವರೆ. ಸರಾಸರಿ 13 ಅನ್ನುವುದು ಈ ಎರಡರಲ್ಲಿ ಯಾವ ಥೀಲನ್‌ನನ್ನೂ ತೋರಿಸುವುದಿಲ್ಲ.

ಹೀಗಾಗಿದ್ದು ಯಾಕೆ? ಅವನಿಗೆ ಆಗ 33 ವರ್ಷ. ಪಕ್ಕದಲ್ಲಿ ಎದುರಾಳಿಗೆ ಭಯ ಹುಟ್ಟಿಸುವ ಇನ್ನೊಬ್ಬ ರಿಸೀವರ್ ಇರಲಿಲ್ಲ, ಹಾಗಾಗಿ ಎದುರಾಳಿಗಳು ಅವನ ಮೇಲೇ ಕಣ್ಣಿಟ್ಟರು. ಜೊತೆಗೆ ಎಸೆಯುವವನಿಗೆ ನಿಂತು ನೋಡಲು ಸಮಯವೇ ಸಿಗಲಿಲ್ಲ. ತಂಡ ಹಿಂದೆ ಬಿದ್ದಾಗ ಜಾಸ್ತಿ ಎಸೆಯುತ್ತದೆ, ನಿಜ. ಆದರೆ ಎಸೆಯುವವನು ಕಾಲ ಮೇಲೆ ನಿಂತಿರಬೇಕಲ್ಲ? ಹಳೇ ಸೂತ್ರ ಅರ್ಧ ಸತ್ಯ. ಸಾಧಾರಣವಾಗಿ ಸೋಲುವ ತಂಡಕ್ಕೆ ಅದು ಹೊಂದುತ್ತದೆ. ಪೂರ್ತಿ ಕುಸಿದ ತಂಡಕ್ಕೆ ಹೊಂದುವುದಿಲ್ಲ, ಯಾಕೆಂದರೆ ಅಲ್ಲಿ ಚೆಂಡು ಸಿಕ್ಕರೂ ಟಚ್‌ಡೌನ್ ಸಿಗುವುದಿಲ್ಲ.

2024ರ ಆಗಸ್ಟಿನಲ್ಲಿ ಕೈಯಲ್ಲಿದ್ದ ಸುಳಿವುಗಳು

ಹೊಸ ಕೋಚ್ ಡೇವ್ ಕನಾಲೆಸ್. 2022ರಲ್ಲಿ ಅವರು ಸಿಯಾಟಲ್ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಕೋಚ್ ಆಗಿದ್ದಾಗ ಎಲ್ಲರೂ ಕೈಬಿಟ್ಟಿದ್ದ ಜೀನೋ ಸ್ಮಿತ್ 30 ಟಚ್‌ಡೌನ್ ಎಸೆದ. 2023ರಲ್ಲಿ ಟ್ಯಾಂಪಾ ಬೇ ತಂಡದ ಆಫೆನ್ಸ್ (ಪಾಯಿಂಟ್ ಗಳಿಸುವ ವಿಭಾಗ) ನೋಡಿಕೊಂಡಾಗ ಬೇಕರ್ ಮೇಫೀಲ್ಡ್ 4,044 ಯಾರ್ಡ್, 28 ಟಚ್‌ಡೌನ್ ಎಸೆದ. "ಕೆಟ್ಟುಹೋದ ಕ್ವಾರ್ಟರ್‌ಬ್ಯಾಕನ್ನು ರಿಪೇರಿ ಮಾಡುವವರು" ಅನ್ನುವ ಹೆಸರು ಅವರಿಗೆ ಬಂದಿದ್ದು ಹೀಗೆ. ಆದರೆ ಮೇಫೀಲ್ಡ್ ಎಸೆದಿದ್ದು ಯಾರಿಗೆ? ಆ ಸೀಸನ್ನಿನಲ್ಲಿ 13 ಟಚ್‌ಡೌನ್ ಹಿಡಿದ ಮೈಕ್ ಇವಾನ್ಸ್‌ಗೆ. ಕೋಚ್‌ನ ಹಳೇ ತಂಡದ ಅಂಕಿಗಳನ್ನು ಹೊಸ ತಂಡಕ್ಕೆ ಅಂಟಿಸುವ ಮೊದಲು ಆ ಅಂಕಿ ತಂದುಕೊಟ್ಟ ಆಟಗಾರರು ಇಲ್ಲಿದ್ದಾರಾ ಅಂತ ಕೇಳಿಕೊಳ್ಳಿ.

ಇನ್ನೊಂದು ಸುಳಿವು ನನ್ನ ಪ್ರಕಾರ ಕೋಚ್‌ಗಿಂತ ದೊಡ್ಡದು. ತಂಡ ಇಬ್ಬರು ಗಾರ್ಡ್‌ಗಳಿಗೆ ಹಣ ಸುರಿಯಿತು. ರಾಬರ್ಟ್ ಹಂಟ್‌ಗೆ ಐದು ವರ್ಷಕ್ಕೆ 10 ಕೋಟಿ ಡಾಲರ್, ಡೇಮಿಯನ್ ಲೂಯಿಸ್‌ಗೆ ನಾಲ್ಕು ವರ್ಷಕ್ಕೆ 5.3 ಕೋಟಿ ಡಾಲರ್. ಗಾರ್ಡ್‌ಗಳಿಗೆ ಫ್ಯಾಂಟಸಿಯಲ್ಲಿ ಅಂಕವೇ ಇಲ್ಲ, ಅವರ ಹೆಸರು ನಿಮ್ಮ ಡ್ರಾಫ್ಟ್ ಪಟ್ಟಿಯಲ್ಲೂ ಬರುವುದಿಲ್ಲ. ಆದರೆ ನಡುವಿನಲ್ಲಿ ದಾರಿ ಬಿಡಿಸುವವರು ಅವರೇ. ಆ ದಾರಿಯಲ್ಲಿ ಓಡುವವನು ರನ್ನಿಂಗ್ ಬ್ಯಾಕ್. ಯಂಗ್ ಸುಧಾರಿಸುತ್ತಾನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಓಟ ಸುಧಾರಿಸುತ್ತದೆ ಅನ್ನುವುದಕ್ಕೆ ಮಾತ್ರ ತಂಡ ಕಾಸು ಕೊಟ್ಟು ಸಾಕ್ಷಿ ಬರೆದಿತ್ತು.

ಓಡುವವನು ಯಾರು?

ಇಲ್ಲಿ ಮೂರು ಹೆಸರು. 2023ರಲ್ಲಿ ನಾಲ್ಕು ವರ್ಷದ ದೊಡ್ಡ ಒಪ್ಪಂದದೊಂದಿಗೆ ಬಂದ ಮೈಲ್ಸ್ ಸ್ಯಾಂಡರ್ಸ್ 432 ಯಾರ್ಡಿಗೇ ಮುಗಿಸಿದ್ದ. ಅವನ ಕೆಲಸವನ್ನು ಕಿತ್ತುಕೊಂಡ ಚುಬಾ ಹಬರ್ಡ್ ಅದೇ ಕೆಟ್ಟ ತಂಡದಲ್ಲಿ 902 ಯಾರ್ಡ್ ಓಡಿದ್ದ. ಮೂರನೆಯವನು ಜೊನಾಥನ್ ಬ್ರೂಕ್ಸ್. 2024ರ ಡ್ರಾಫ್ಟಿನ ಮೊದಲ ರನ್ನಿಂಗ್ ಬ್ಯಾಕ್ ಅವನೇ, 46ನೇ ಪಿಕ್.

ಹೊಸಬನ ಮೇಲೆ ಎಲ್ಲರಿಗೂ ಆಸೆ. ಆದರೆ ಬ್ರೂಕ್ಸ್ 2023ರ ನವೆಂಬರಿನಲ್ಲಿ, ಕಾಲೇಜಿನಲ್ಲಿ ಆಡುವಾಗಲೇ, ಮೊಣಕಾಲಿನ ಎಸಿಎಲ್ ಅನ್ನುವ ಅಸ್ಥಿರಜ್ಜು ಹರಿದುಕೊಂಡಿದ್ದ. ಸೀಸನ್ನಿನ ಶುರುವಿಗೆ ಅವನು ಮೈದಾನಕ್ಕೆ ಬರುವ ಸ್ಥಿತಿಯಲ್ಲೇ ಇರಲಿಲ್ಲ. ಆದರೂ "ಬ್ರೂಕ್ಸ್ ಬಂದಮೇಲೆ ಹಬರ್ಡ್ ಕಥೆ ಮುಗೀತು" ಅನ್ನುವ ಮಾತಿನಿಂದ ಹಬರ್ಡ್‌ನ ಬೆಲೆ ಫ್ಯಾಂಟಸಿ ಡ್ರಾಫ್ಟಿನಲ್ಲಿ ಇಳಿದಿತ್ತು. ಹೊಸ ಗಾರ್ಡ್‌ಗಳು, ಪೈಪೋಟಿಯಿಲ್ಲದ ಮೈದಾನ, ಕೈಯಲ್ಲಿ ಕೆಲಸ, ಕಮ್ಮಿ ಬೆಲೆ. ಕೆಟ್ಟ ತಂಡದಲ್ಲಿ ಹುಡುಕಬೇಕಾದದ್ದು ಇಂಥ ಜಾಗವನ್ನು.

ಆಗಿದ್ದೇನು? ಹಬರ್ಡ್ 15 ಪಂದ್ಯಗಳಲ್ಲಿ 1,195 ಯಾರ್ಡ್ ಓಡಿ 10 ಟಚ್‌ಡೌನ್ ಗಳಿಸಿದ. ಹಿಡಿದ ಚೆಂಡುಗಳೂ ಸೇರಿ ಪಿಪಿಆರ್‌ನಲ್ಲಿ ಸುಮಾರು 240 ಅಂಕ. ಅದೂ 5 ಗೆದ್ದು 12 ಸೋತ ತಂಡದಲ್ಲಿ, ಒಂದು ಸೀಸನ್ನಿಗೆ 534 ಪಾಯಿಂಟ್ ಬಿಟ್ಟುಕೊಟ್ಟು ಎನ್‌ಎಫ್‌ಎಲ್ ದಾಖಲೆ ಬರೆದ ಡಿಫೆನ್ಸ್ ಜೊತೆಗಿದ್ದುಕೊಂಡು. ನವೆಂಬರ್ 10ರಂದು ಮ್ಯೂನಿಕ್‌ನಲ್ಲಿ ಜೈಂಟ್ಸ್ ಎದುರು 153 ಯಾರ್ಡ್ ಓಡಿದ. (ಭಾರತದಲ್ಲಿರುವವರಿಗೆ ಯುರೋಪಿನ ಪಂದ್ಯಗಳೇ ಹಬ್ಬ. ಅವತ್ತು ಪಂದ್ಯ ಶುರುವಾಗಿದ್ದು ನಮ್ಮ ರಾತ್ರಿ 8ಕ್ಕೆ, ನಿದ್ದೆಗೆಡುವ ಕಷ್ಟವಿಲ್ಲ.) ಬ್ರೂಕ್ಸ್ ನವೆಂಬರ್ ಕೊನೆಗೆ ಬಂದ, ಮೂರು ಪಂದ್ಯ ಆಡಿದ, ಡಿಸೆಂಬರ್ 8ರಂದು ಅದೇ ಮೊಣಕಾಲಿಗೆ ಮತ್ತೆ ಪೆಟ್ಟಾಯಿತು. ಪಾಪದ ಹುಡುಗ.

ಇಲ್ಲೊಂದು ಕಹಿ ಸಂಗತಿಯೂ ಇದೆ. 16ನೇ ವಾರ, ಹೆಚ್ಚಿನ ಫ್ಯಾಂಟಸಿ ಲೀಗುಗಳಲ್ಲಿ ಸೆಮಿಫೈನಲ್. ಕಾರ್ಡಿನಲ್ಸ್ ಎದುರು ಹಬರ್ಡ್ 152 ಯಾರ್ಡ್, ಎರಡು ಟಚ್‌ಡೌನ್ ಹೊಡೆದು ಎಷ್ಟೋ ಜನರನ್ನು ಫೈನಲ್ಲಿಗೆ ಕರೆದೊಯ್ದ. 17ನೇ ವಾರ ಫೈನಲ್. ಗಾಯದಿಂದಾಗಿ ಅವನು ಆಡಲೇ ಇಲ್ಲ. ಪ್ಲೇಆಫ್ ಆಸೆ ಇಲ್ಲದ ತಂಡ ಡಿಸೆಂಬರ್ ಕೊನೆಗೆ ಗಾಯಾಳುವನ್ನು ಎಳೆದಾಡಿಸಿ ಆಡಿಸುವುದಿಲ್ಲ, ಸುಮ್ನೆ ಕೂರಿಸಿಬಿಡುತ್ತದೆ. ಕೆಟ್ಟ ತಂಡದ ಆಟಗಾರ ನಿಮ್ಮ ಮುಖ್ಯ ಆಧಾರವಾಗಿದ್ದರೆ ಡಿಸೆಂಬರಿನಲ್ಲಿ ಅವನ ಬದಲಿ ಆಟಗಾರನನ್ನೂ ಬೆಂಚಿನಲ್ಲಿ ಇಟ್ಟುಕೊಳ್ಳಿ.

ಡಿಯೊಂಟೆ ಜಾನ್ಸನ್: ಒಳ್ಳೆ ಆಟಗಾರ, ಬೇರೆಯವರ ಕೈಯಲ್ಲಿ ಭವಿಷ್ಯ

ಪಿಟ್ಸ್‌ಬರ್ಗ್‌ನಿಂದ ಬಂದ ಜಾನ್ಸನ್ ಮೊದಲ ನಂಬರ್ ರಿಸೀವರ್ ಆಗುತ್ತಾನೆ ಅನ್ನುವುದರಲ್ಲಿ ಅನುಮಾನವಿರಲಿಲ್ಲ. ಆಗಸ್ಟಿನ ಲೆಕ್ಕದಲ್ಲಿ ಅವನನ್ನು ತೆಗೆದುಕೊಂಡಿದ್ದು ಸರಿಯೇ. ಮೊದಲ ಎರಡು ವಾರ ಯಂಗ್ ಎಸೆದಾಗ ಅವನು ಹಿಡಿದದ್ದು ಒಟ್ಟು 5 ಚೆಂಡು, 34 ಯಾರ್ಡ್. ತಂಡ 47-10, 26-3ರಿಂದ ಸೋತಿತು. ಕನಾಲೆಸ್ ಯಂಗ್‌ನನ್ನು ಕೂರಿಸಿ 36 ವರ್ಷದ ಆಂಡಿ ಡಾಲ್ಟನ್‌ಗೆ ಚೆಂಡು ಕೊಟ್ಟರು. ಮುಂದಿನ ಭಾನುವಾರವೇ ರೇಡರ್ಸ್ ಎದುರು ಡಾಲ್ಟನ್ 319 ಯಾರ್ಡ್, 3 ಟಚ್‌ಡೌನ್ ಎಸೆದ. ಜಾನ್ಸನ್‌ಗೆ 8 ಚೆಂಡು, 122 ಯಾರ್ಡ್, ಒಂದು ಟಚ್‌ಡೌನ್: 26 ಅಂಕ. ಅದೇ ಆಟಗಾರ, ಅದೇ ಕೋಚ್, ಅದೇ ಲೈನ್ (ಗಾರ್ಡ್‌ಗಳಿರುವ ಮುಂದಿನ ಸಾಲು). ಬದಲಾಗಿದ್ದು ಎಸೆಯುವ ಕೈ ಮಾತ್ರ.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ರಿಸೀವರ್‌ನ ಅಂಕ ಕ್ವಾರ್ಟರ್‌ಬ್ಯಾಕಿಗೆ ಕಟ್ಟಿಹಾಕಿದ್ದು, ರನ್ನಿಂಗ್ ಬ್ಯಾಕಿನದು ಅಷ್ಟಾಗಿ ಅಲ್ಲ. ಹಾಗಾಗಿ ಕ್ವಾರ್ಟರ್‌ಬ್ಯಾಕ್ ಮೇಲೆ ನಂಬಿಕೆ ಇಲ್ಲದ ತಂಡದಲ್ಲಿ ಮೊದಲು ಓಡುವವನನ್ನು ನೋಡಿ. ಜೊತೆಗೆ ಸೋಲುವ ತಂಡದವರು ಸೀಸನ್ ನಡುವೆ ಮಾರಾಟಕ್ಕೂ ಹೋಗುತ್ತಾರೆ. ಅಕ್ಟೋಬರ್ ಕೊನೆಗೆ ಜಾನ್ಸನ್‌ನನ್ನು ಬಾಲ್ಟಿಮೋರ್‌ಗೆ ಕಳಿಸಿದರು. ಗೆಲ್ಲುವ ತಂಡಕ್ಕೆ ಹೋದನಲ್ಲ ಅಂತ ಅವನನ್ನು ಹಿಡಿದುಕೊಂಡವರಿಗೆ ಏನೂ ಸಿಗಲಿಲ್ಲ. ಅಲ್ಲಿ ಚೆಂಡು ಹಿಡಿಯುವವರು ಮೊದಲೇ ಸಾಲುಗಟ್ಟಿದ್ದರು.

ಉಳಿದವರು

ಚುಟುಕಾಗಿ: 32ನೇ ಪಿಕ್ ಆಗಿ ಬಂದ ಹೊಸ ರಿಸೀವರ್ ಝೇವಿಯರ್ ಲೆಗೆಟ್ 497 ಯಾರ್ಡ್ ಗಳಿಸಿದ, ಆಡಿಸದಿದ್ದರೂ ನಷ್ಟವಿರಲಿಲ್ಲ. ಟೈಟ್ ಎಂಡ್‌ಗಳನ್ನು (ಎದುರಾಳಿಯನ್ನು ತಡೆಯುವ, ಚೆಂಡನ್ನೂ ಹಿಡಿಯುವ ಆಟಗಾರರನ್ನು) ಮುಟ್ಟುವ ಅಗತ್ಯ ಬೀಳಲಿಲ್ಲ. ಫ್ಯಾಂಟಸಿಯಲ್ಲಿ ಒಂದು ತಂಡದ ಇಡೀ ಡಿಫೆನ್ಸನ್ನು ಒಬ್ಬ ಆಟಗಾರನಂತೆ ಆರಿಸುತ್ತೇವೆ; ಪ್ಯಾಂಥರ್ಸ್ ಡಿಫೆನ್ಸ್ ಬೇಡವೇ ಬೇಡ. ಶುರುವಿನ ವಾರಗಳಲ್ಲಿ ಪ್ಯಾಂಥರ್ಸ್ ಎದುರು ಆಡುವ ತಂಡದ ಡಿಫೆನ್ಸ್ ಖಾಲಿ ಇದ್ದರೆ ಎತ್ತಿಕೊಳ್ಳಿ. ಇದೂ ಕೆಟ್ಟ ತಂಡದಿಂದ ಅಂಕ ತೆಗೆಯುವ ದಾರಿಯೇ.

ಯಂಗ್ ಬಗ್ಗೆ ಒಂದು ಮಾತು. ಡಾಲ್ಟನ್‌ಗೆ ಅಕ್ಟೋಬರಿನಲ್ಲಿ ಕಾರ್ ಅಪಘಾತದಲ್ಲಿ ಹೆಬ್ಬೆರಳಿಗೆ ಪೆಟ್ಟಾದಾಗ ಯಂಗ್ ವಾಪಸ್ ಬಂದ. ಬಂದವನು ಬೇರೆಯೇ ಆಟಗಾರನಂತೆ ಆಡಿದ. ಕೊನೆಯ ಪಂದ್ಯದಲ್ಲಿ ಫಾಲ್ಕನ್ಸ್ ಎದುರು ಮೂರು ಟಚ್‌ಡೌನ್ ಎಸೆದು, ಎರಡು ತಾನೇ ಓಡಿ ಹೊಡೆದು 44-38ಕ್ಕೆ ಗೆಲ್ಲಿಸಿದ. ಆದರೆ ಅದು 18ನೇ ವಾರ. ಹೆಚ್ಚಿನ ಲೀಗುಗಳು ಅಷ್ಟರಲ್ಲಿ ಮುಗಿದಿದ್ದವು.

ಅಭ್ಯಾಸ

ಇದೇ ತಂಡದ 2025ರ ಆಗಸ್ಟ್ ತೆಗೆದುಕೊಳ್ಳಿ. ಹಬರ್ಡ್ ಕೈಯಲ್ಲಿ ನಾಲ್ಕು ವರ್ಷದ ಹೊಸ ಒಪ್ಪಂದ, 3.32 ಕೋಟಿ ಡಾಲರ್. 8ನೇ ಪಿಕ್‌ನಲ್ಲಿ ಬಂದ ಎತ್ತರದ ರಿಸೀವರ್ ಟೆಟೈರೋವಾ ಮ್ಯಾಕ್‌ಮಿಲನ್. ಆಗಸ್ಟ್ ಕೊನೆಗೆ ಥೀಲನ್ ಮಿನೆಸೋಟಾಗೆ ವಾಪಸ್. ಡಲ್ಲಾಸ್‌ನಲ್ಲಿ ಹಿಂದಿನ ವರ್ಷ 1,079 ಯಾರ್ಡ್ ಓಡಿದ್ದ ರಿಕೋ ಡೌಡಲ್ ಒಂದೇ ವರ್ಷದ ಒಪ್ಪಂದದ ಮೇಲೆ ಬೆಂಚಿನಲ್ಲಿ. ಯಾರಿಗೆ ಎಷ್ಟು ಚೆಂಡು ಸಿಗುತ್ತದೆ ಅಂತ ಒಂದು ಪುಟ ಬರೆಯಿರಿ, ಅಂಕಿ ಸಮೇತ.

ಬರೆದಾದ ಮೇಲೆ ಮುಂದಿನದನ್ನು ಓದಿ. 5ನೇ ವಾರಕ್ಕೆ ಹಬರ್ಡ್‌ನ ಮೀನಖಂಡಕ್ಕೆ ಪೆಟ್ಟು. ಅಕ್ಟೋಬರ್ 5ರಂದು ಡೌಡಲ್ ಮಯಾಮಿ ಎದುರು 206 ಯಾರ್ಡ್ ಓಡಿದ, ಮುಂದಿನ ವಾರ ತನ್ನ ಹಳೇ ತಂಡ ಡಲ್ಲಾಸ್ ಎದುರು 183. ಅಕ್ಟೋಬರ್ 5ಕ್ಕಿಂತ ಮುಂಚಿನ ಬುಧವಾರ ನಿಮ್ಮ ಲೀಗಿನ ವೇವರ್ ಪಟ್ಟಿಯಲ್ಲಿ (ಯಾರ ತಂಡದಲ್ಲೂ ಇಲ್ಲದವರ ಪಟ್ಟಿ) ಡೌಡಲ್ ಇದ್ದಿದ್ದರೆ, ನಿಮ್ಮ ಬೆಂಚಿನಿಂದ ಯಾರನ್ನು ಬಿಟ್ಟು ಅವನನ್ನು ತೆಗೆದುಕೊಳ್ಳುತ್ತಿದ್ದಿರಿ?